ಕುಮಟಾ ಶೆಡ್ಡಿನ ಕೊನೆಯ ದಿನ

ನವೆಂಬರ್ ೧೪, ಶುಕ್ರವಾರ. ಭಟ್ಕಳ.

ಹೇಳಬೇಕಾದ ಮಾತನ್ನು ನಾನು ಹೇಳಲಿಲ್ಲ. ಬೆಳಿಗ್ಗೆಯಿಂದ ಅದೇ ಚುಚ್ಚುತ್ತಿದೆ.

ಕುಮಟಾದಲ್ಲಿರುವ ನಮ್ಮ ಸಿಗಡಿ ಸುಲಿಯುವ ಶೆಡ್ಡನ್ನು ಮುಚ್ಚುವ ತೀರ್ಮಾನ ನನ್ನದೇ. ಹೊರದೇಶದ ಆರ್ಡರು ಅರ್ಧಕ್ಕೆ ಇಳಿದ ಮೇಲೆ ಬ್ಯಾಂಕಿನವರು ಸಾಲ ಹೆಚ್ಚಿಸಲು ಒಪ್ಪಲಿಲ್ಲ. ಅದನ್ನೂ ಇಲ್ಲಿ ಭಟ್ಕಳದ ಶೆಡ್ಡನ್ನೂ ಉಳಿಸಲು ಹೋದರೆ ಎರಡೂ ಮುಳುಗುತ್ತವೆ ಎಂದು ತಮ್ಮ ಸುಮಿತನ ಹತ್ತಿರ ವಾದ ಮಾಡಿ ಒಪ್ಪಿಸಿದವಳೂ ನಾನೇ. ಹೊನ್ನಾವರ ದಾಟಿದ ಮೇಲೂ ಕಾರಿನಲ್ಲಿ ಕೂತು ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದೆ.

ಒಳಗೆ ಹೋದಾಗ ಹೆಂಗಸರೆಲ್ಲ ತಲೆಯೆತ್ತಿ ನೋಡಿದರು. ನಾನು ಬಾಗಿಲ ಹತ್ತಿರವೇ ನಿಂತೆ. ಅಪ್ಪನ ಕಾಲದಿಂದ ಅಲ್ಲಿ ದುಡಿದ ದುರ್ಗಮ್ಮ ನನ್ನ ಮುಖ ನೋಡಿ, "ಬಂದ್ ಮಾಡೂದಾ ತಂಗಿ?" ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

"ಆತು," ಎಂದು ಅವಳು ಉಳಿದವರ ಕಡೆ ತಿರುಗಿದಳು. "ನಾಳೆಯಿಂದ ಕೆಲ್ಸ ಇಲ್ಲ. ಅವಳ ಹತ್ರ ಎಂತದೂ ಕೇಳ್ಬೇಡಿ. ಇದ್ದ ಸಿಗಡಿ ಸುಲ್ದು ಮುಗಿಸುವಾ, ಹಾಳಾಗ್ತದೆ."

ಎಲ್ಲರೂ ಮತ್ತೆ ಕೆಲಸಕ್ಕೆ ಕೂತರು. ನಾಲ್ಕು ಗಂಟೆಯವರೆಗೆ ಸುಲಿದರು. ನೆಲವನ್ನೂ ತೊಳೆದು ಹೋದರು. ಎರಡು ತಿಂಗಳ ಸಂಬಳ ಕೊಡುತ್ತೇವೆ ಎಂಬ ಮಾತನ್ನಾದರೂ ನಾನು ಹೇಳಬಹುದಿತ್ತು. ಅದನ್ನೂ ಸುಮಿತನೇ ಫೋನ್ ಮಾಡಿ ತಿಳಿಸಬೇಕಾಯಿತು.

ದುರ್ಗಮ್ಮ ಮಾತಾಡಿದ ಕೂಡಲೇ ನನ್ನ ಎದೆ ಹಗುರವಾಯಿತು. ಬರೆಯಲೂ ನಾಚಿಕೆಯಾಗುತ್ತದೆ. ಕೆಲಸ ಕಳೆದುಕೊಂಡವಳು ಅವಳು, ಅವಳು ಕಾಪಾಡಿದ್ದು ನನ್ನನ್ನು.

ಮುಂದಿನ ಸರದಿ ನಮ್ಮದೋ ಎಂದು ಸೋಮವಾರ ಇಲ್ಲಿಯ ಹೆಂಗಸರು ಕೇಳುತ್ತಾರೆ. ಅವರಿಗಾದರೂ ನಾನೇ ಹೇಳಬೇಕು. ಏನಂತ ಹೇಳಲಿ?