ಪರೇಲ್ ಲೋಕಲ್ಲಿಗೆ ಒಂದು ಒಳ್ಳೆಯ ಚಾಕು

ಡೊಂಬಿವಿಲಿ ಪೂರ್ವ
೧೨ ಫೆಬ್ರವರಿ ೨೦೨೫, ಬುಧವಾರ, ಸಂಜೆ

ಅಡುಗೆ ಆಗಿದೆ. ಯಕ್ಷಿತಾ ಬಾಂದ್ರಾದ ಆಫೀಸಿನಿಂದ ಇನ್ನೂ ಬಂದಿಲ್ಲ. ಮನೆಯಲ್ಲಿ ನಾನೊಬ್ಬಳೇ.

ಯಕ್ಷಿತಾಳ ಪಪ್ಪನಿಗೆ, ನಮಿತಾಳ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಇಲ್ಲಿ ಎಲ್ಲರೂ ಆರಾಮ. ಫೋನಿನಲ್ಲಿ ನಿಮಗೂ ನನಗೂ ನಡುವೆ ಯಾವಾಗಲೂ ಒಂದು ಗ್ರೈಂಡರ್ ತಿರುಗುತ್ತಿರುತ್ತದೆ. ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀವು ಯಾರಿಗೋ "ಮೂರು ಸಾದಾ, ಒಂದು ಮಸಾಲೆ" ಎಂದು ಕೂಗುತ್ತೀರಿ. ನಾವು ಮಾತಾಡುವುದು ತುಳುವಿನಲ್ಲಾದರೂ ಕಾಗದ ಕನ್ನಡದಲ್ಲೇ ಬರೆದು ಅಭ್ಯಾಸ, ಮದುವೆಗೆ ಮುಂಚಿನಿಂದ. ಆ ಅಭ್ಯಾಸ ತಪ್ಪಿ ಬಹಳ ಕಾಲವಾಯಿತು. ಇವತ್ತು ಮತ್ತೆ ಕೂತಿದ್ದೇನೆ.

ಡಿಸೆಂಬರಿನಲ್ಲಿ ಬಂದಾಗ ನೀವೊಂದು ಮಾತು ಹೇಳಿ ಹೋಗಿದ್ದಿರಿ. ಪುಣೆಯಲ್ಲಿ ಎರಡನೆಯ ಹೋಟೆಲು ಏಪ್ರಿಲಿನ ಬಿಸು ಹಬ್ಬಕ್ಕೆ ಶುರುವಾಗುತ್ತದೆ, ಗಲ್ಲಾದಲ್ಲಿ ಮನೆಯವರೇ ಕೂರಬೇಕು, ನೀನು ಕೆಲಸ ಬಿಟ್ಟು ಬಾ ಎಂದು. "ಆ ಲೋಕಲ್ ರೈಲಿನಲ್ಲಿ ಇನ್ನೆಷ್ಟು ವರ್ಷ ನೇತಾಡುತ್ತೀ?" ಎಂದೂ ಕೇಳಿದಿರಿ. ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ಅದಕ್ಕೆ ಮುಂಚೆ ಒಂದು ಚಾಕುವಿನ ವಿಷಯ ಹೇಳಬೇಕು. ನಗಬೇಡಿ.

ನೀವು ಕೊಟ್ಟ ಮಡಚುವ ಚಾಕು ನೆನಪಿದೆಯೇ? ಎಣ್ಣೆ ಕಂಪನಿಯವರು ದೀಪಾವಳಿಗೆ ಡಬ್ಬಿಯ ಜೊತೆ ಹಂಚಿದ್ದು, ಹಿಡಿಯ ಮೇಲೆ ಅವರ ಹೆಸರಿರುವುದು. ನಿಮ್ಮ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, "ಬೇಕಾದರೆ ಇಟ್ಟುಕೋ" ಎಂದಿರಿ. ಅಂದಿನಿಂದ ಅದು ನನ್ನ ಪರ್ಸಿನಲ್ಲಿದೆ. ಪರೇಲ್‌ನಿಂದಲೇ ಹೊರಡುವ ಸಂಜೆಯ ಲೋಕಲ್ಲಿನಲ್ಲಿ ನಮಗೆ ಕಿಟಕಿಯ ಪಕ್ಕ ಎದುರುಬದುರು ಸೀಟು ಸಿಗುತ್ತದೆ. ರಹೀಮಾ, ನೀಲಾಬಾಯಿ, ನಾನು. ರಹೀಮಾ ವಿಜಯಪುರದ ಕಡೆಯವಳು. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದು ಮುಂಬ್ರಾದಲ್ಲಿ ಇಳಿಯುತ್ತಾಳೆ. ನೀಲಾಬಾಯಿ ಶಾಲೆಯ ಆಯಾ, ಕಲ್ಯಾಣದವರು. ತೊಡೆಯ ಮೇಲೆ ಪೇಪರು ಹಾಸಿ, ಮುಚ್ಚಳವನ್ನು ಮಣೆ ಮಾಡಿಕೊಂಡು ಮೂವರೂ ತರಕಾರಿ ಹೆಚ್ಚುತ್ತೇವೆ. ಥಾಣೆ ಬರುವಾಗ ನಾಳೆಯ ಮೂರು ಮನೆಗಳ ಪಲ್ಯ ಡಬ್ಬಿಯಲ್ಲಿರುತ್ತದೆ. ನನ್ನ ಬೀನ್ಸ್ ನೋಡಲು ಬೇರೆ ಹೆಂಗಸರು ಬಗ್ಗುತ್ತಾರೆ. ಗಾಡಿ ಎಷ್ಟೇ ಕುಲುಕಲಿ, ಒಂದು ತುಂಡು ಇನ್ನೊಂದಕ್ಕಿಂತ ದಪ್ಪವಿರುವುದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ನೀವು ಆ ಹೆಂಗಸರ ಬೋಗಿಯ ಪ್ರಯಾಣಿಕರಲ್ಲ. ಹೇಳದಿದ್ದರೆ ಗೊತ್ತಾಗುವುದು ಹೇಗೆ?

ಜನವರಿಯಲ್ಲಿ ಮಾಟುಂಗಾ ಮಾರ್ಕೆಟಿಗೆ ಹಲಸಿನ ಗುಜ್ಜೆ ಬಂದಿತ್ತು. ಮಧ್ಯಾಹ್ನವೇ ಒಂದು ಎಳೆಯದನ್ನು ಕೊಂಡಿಟ್ಟು, ಸಂಜೆ ಪರೇಲ್‌ನಲ್ಲಿ ಲೋಕಲ್ಲಿಗೆ ಹತ್ತಿದೆ. ಮನೆಗೆ ತಂದು ಎಣ್ಣೆ ಹಚ್ಚಿಕೊಂಡು ಕತ್ತಿಯಿಂದ ಕೊಯ್ಯಬೇಕಾದದ್ದು ಎಂದು ನನಗೆ ಗೊತ್ತಿಲ್ಲವೇ? ಆದರೆ ನೀಲಾಬಾಯಿ ಅದನ್ನು ತಟ್ಟಿ ನೋಡಿ, "ಅಗಂ, ಹೇ ಕಾಯ್, ಮುಳ್ಳುಹಂದಿ ತಂದೆಯಾ?" ಎಂದರು. ರಹೀಮಾ, "ತಂಗಿ, ಇದನ್ನ ಮನೀಗೆ ಒಯ್ದು ಕೊಡ್ಲೀಲೆ ಹೊಡಿ. ಆ ಎಣ್ಣಿ ಕಂಪನಿ ಚಾಕುಲೇ ಏನಾಗತೈತಿ?" ಎಂದಳು. ಅಷ್ಟು ಸಾಕಾಯಿತು. ನಮ್ಮ ಊರಿನ ತರಕಾರಿಯ ಮರ್ಯಾದೆಯ ಪ್ರಶ್ನೆ ಎಂಬಂತೆ ಅಲ್ಲೇ ಕೊಯ್ಯಲು ಕೂತೆ.

ಕುರ್ಲಾ ದಾಟುವಾಗ ಸೊನೆ ಮೊಣಕೈಗೆ ಇಳಿದಿತ್ತು. ಪೇಪರು ಸೀರೆಗೆ ಅಂಟಿತು, ನನ್ನ ಬೆರಳು ಬೆರಳಿಗೆ ಅಂಟಿತು. ಪಕ್ಕದಲ್ಲಿ ಕೂತ ಹುಡುಗಿಯ ದುಪಟ್ಟಾ ನನ್ನ ಕೈಗೆ ಅಂಟಿ, ಅವಳು ಘಾಟ್ಕೋಪರಿನಲ್ಲಿ ಇಳಿಯಲು ಎದ್ದಾಗ ನಾನೂ ಅವಳ ಹಿಂದೆ ಎದ್ದೆ. ಇಡೀ ಬೋಗಿ ನಕ್ಕಿತು. ಕೊನೆಗೆ ನೀಲಾಬಾಯಿ ಪರ್ಸಿನಿಂದ ತಲೆಗೆ ಹಾಕುವ ತೆಂಗಿನೆಣ್ಣೆ ತೆಗೆದು ನನ್ನ ಕೈಗೆ ಸುರಿದರು. ಕೈ ಬಿಟ್ಟಿತು, ಚಾಕು ಬಿಡಲಿಲ್ಲ. ಸೊನೆ ಅದರ ಮಡಿಕೆಯ ಸಂದಿಗೆ ಇಳಿದು ಗಟ್ಟಿಯಾಗಿತ್ತು. ಮರುದಿನ ಸೀಮೆಎಣ್ಣೆ ಹಾಕಿ, ಬಲ ಹಾಕಿ ಬಿಡಿಸಿದೆ. ಬಿಡಿಸುವಾಗ ಒಳಗಿನ ಸ್ಪ್ರಿಂಗ್ ಸಡಿಲವಾದದ್ದು ಗೊತ್ತಾಯಿತು. ಗೊತ್ತಾದರೂ ಅದನ್ನೇ ಪರ್ಸಿಗೆ ಹಾಕಿದೆ. ನಮ್ಮ ಮನೆಯಲ್ಲಿ ಪುಕ್ಕಟೆ ಬಂದ ವಸ್ತುವನ್ನು ಯಾರು ಎಸೆಯುತ್ತಾರೆ?

ಎರಡು ದಿನದ ನಂತರ ನುಗ್ಗೆಕಾಯಿ ಸೀಳುತ್ತಿದ್ದಾಗ ಗಾಡಿ ಜಗ್ಗಿತು. ಚಾಕುವಿನ ತುದಿ ಮುಚ್ಚಳಕ್ಕೆ ಸಿಕ್ಕಿತು, ಅಲಗು ತಾನಾಗಿ ಮಡಚಿ ನನ್ನ ಬಲಗೈಯ ತೋರುಬೆರಳಿನ ಮೇಲೆ ಕೂತಿತು. ಆ ವಾರ ಫೋನಿನಲ್ಲಿ ನಿಮಗೆ ಜ್ವರ ಎಂದಿದ್ದೆ. ಜ್ವರ ಇರಲಿಲ್ಲ, ಬೆರಳಿಗೆ ಹೊಲಿಗೆ ಹಾಕಿದ್ದರು. ಹೇಳಿದ್ದರೆ "ನಾನು ಹೇಳಿರಲಿಲ್ಲವೇ ಆ ಲೋಕಲ್ಲು" ಎಂದು ಶುರು ಮಾಡುತ್ತಿದ್ದಿರಿ. ಈಗ ಗಾಯ ಮಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇನ್ನು ಮುಂದಿನದು ನಿಮಗೆ ಗೊತ್ತಿಲ್ಲದ ವಿಷಯ. ನಾನು ಮುಚ್ಚಿಟ್ಟದ್ದಲ್ಲ, ನೀವು ಕೇಳಿದ್ದಿಲ್ಲ. "ನಮ್ಮವಳು ಪರೇಲಿನ ಆಸ್ಪತ್ರೆಯಲ್ಲಿ ಲ್ಯಾಬಿನಲ್ಲಿದ್ದಾಳೆ" ಎಂದು ಎಲ್ಲರಿಗೂ ಹೇಳುತ್ತೀರಿ. ಲ್ಯಾಬಿನಲ್ಲಿ ಏನು ಮಾಡುತ್ತೇನೆ ಹೇಳಿ ನೋಡೋಣ. ನಾನು ಹೆಚ್ಚುತ್ತೇನೆ. ರೋಗಿಯ ಮೈಯಿಂದ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡಿ ಕೊಡುತ್ತಾರೆ. ಅದನ್ನು ಯಂತ್ರಕ್ಕೆ ಕಟ್ಟಿ, ಚಕ್ರ ತಿರುಗಿಸಿ, ಕೂದಲಿಗಿಂತ ಎಷ್ಟೋ ತೆಳುವಾಗಿ ಪದರ ಬಿಡಿಸಬೇಕು. ಪದರಗಳು ಒಂದಕ್ಕೊಂದು ಸೇರಿ ರಿಬ್ಬನ್ನಿನಂತೆ ಬರುತ್ತವೆ. ಬೆಚ್ಚಗಿನ ನೀರಿನಲ್ಲಿ ತೇಲಿಬಿಟ್ಟು, ಸುಕ್ಕಿಲ್ಲದಂತೆ ಗಾಜಿನ ಮೇಲೆ ಎತ್ತಿಕೊಳ್ಳಬೇಕು. ಆಮೇಲೆ ಬಣ್ಣ ಹಾಕುತ್ತಾರೆ, ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಕ್ಯಾನ್ಸರ್ ಹೌದೋ ಅಲ್ಲವೋ ಎನ್ನುತ್ತಾರೆ. ಪದರ ಹರಿದರೆ, ಸುಕ್ಕಾದರೆ, ಡಾಕ್ಟರು ಎಷ್ಟು ದೊಡ್ಡವರಾದರೂ ಏನೂ ಕಾಣುವುದಿಲ್ಲ.

ಬೆರಳು ಕಟ್ಟಿಕೊಂಡು ಮನೆಯಲ್ಲಿದ್ದ ಆ ವಾರ ನನ್ನ ಜಾಗದಲ್ಲಿ, ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಭೀಮರಾಯ ಕೂತಿದ್ದ. ಒಳ್ಳೆಯ ಕೈ ಅವನದು, ಇನ್ನೂ ಬೆಳೆಯುತ್ತಾನೆ. ಆದರೆ ಒಂದು ತುಣುಕು ಬಂದಿತ್ತಂತೆ, ಅಕ್ಕಿಕಾಳಿನಷ್ಟೇ ದೊಡ್ಡದು. ತಪ್ಪಿದರೆ ಮತ್ತೆ ಕೊಯ್ಯಲು ಏನೂ ಉಳಿಯುವುದಿಲ್ಲ. ಭೀಮರಾಯ ತಾನೇ ಅದನ್ನು ನಮ್ಮ ಮುಖ್ಯಸ್ಥೆ ಡಾಕ್ಟರ್ ನೂರೀನರ ಮುಂದಿಟ್ಟು, "ಮ್ಯಾಡಮ್, ಯೇ ಮೈಂ ನಹೀ ಕಾಟೂಂಗಾ" ಎಂದನಂತೆ, ಇದನ್ನು ತಾನು ಕೊಯ್ಯುವುದಿಲ್ಲವೆಂದು. ಅವರು ನನಗೆ ಫೋನು ಮಾಡಿದರು. "ನಮಿತಾ, ಬೆರಳು ಹೇಗಿದೆ ಅಂತ ಕೇಳೋದಕ್ಕೆ ಮಾಡಿದ್ದಲ್ಲ, ಸುಳ್ಳು ಯಾಕೆ ಹೇಳಲಿ? ಒಂದೇ ಒಂದು ಬ್ಲಾಕ್ ಇದೆ. ಬರ್ತೀರಾ?" ಹುಬ್ಬಳ್ಳಿಯವರು, ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ ಮಾತಾಡುತ್ತಾರೆ.

ಹೋದೆ. ಬ್ಯಾಂಡೇಜಿನ ಮೇಲೆ ಗ್ಲೌಸು ಎಳೆದುಕೊಂಡೆ. ಬ್ಲಾಕನ್ನು ಮಂಜುಗಡ್ಡೆಯ ಮೇಲೆ ಚೆನ್ನಾಗಿ ತಣಿಸಿ, ಹೊಸ ಅಲಗು ಹಾಕಿ, ತೋರುಬೆರಳು ಎತ್ತಿ ಉಳಿದ ಬೆರಳುಗಳಿಂದ ಚಕ್ರ ತಿರುಗಿಸಿದೆ. ರಿಬ್ಬನ್ ಒಂದೂ ಮುರಿಯದೆ ಬಂತು. ನೀರಿನ ಮೇಲೆ ಅದು ಹರಡಿಕೊಂಡಾಗ ಭೀಮರಾಯ ಉಸಿರು ಬಿಟ್ಟದ್ದು ಕೇಳಿಸಿತು. ಮರುದಿನವೂ ಹೋಗಿದ್ದೆ. ಡಾಕ್ಟರ್ ನೂರೀನ್ ಲ್ಯಾಬಿನ ಬಾಗಿಲಲ್ಲಿ ನಿಂತು "ಸಿಕ್ಕಿತು" ಎಂದರು, ಅಷ್ಟೇ. ಏನು ಸಿಕ್ಕಿತು ಎಂದು ನಾನು ಕೇಳಲಿಲ್ಲ, ಕೇಳುವ ಕ್ರಮವಿಲ್ಲ. ಯಾರದೋ ಚಿಕಿತ್ಸೆ ಸರಿಯಾದ ದಾರಿಯಲ್ಲಿ ಶುರುವಾಗಿರುತ್ತದೆ. ಆ ದಿನ ಲೋಕಲ್ಲಿನಲ್ಲಿ ತರಕಾರಿ ಹೆಚ್ಚಲಿಲ್ಲ. ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಾ ಬಂದೆ. ರಹೀಮಾ ನನ್ನ ಪಾಲಿನ ಮೆಂತೆಸೊಪ್ಪು ಬಿಡಿಸಿ ಕೊಟ್ಟಳು. "ಏನ್ ತಂಗಿ, ಇವತ್ತು ಮಾರಿ ಮ್ಯಾಲೆ ಮದವಿ ಕಳಾ ಐತಿ?" ಎಂದಳು.

ಮಾರನೆಯ ವಾರ ಹೊಸ ಚಾಕು ನೋಡಲು ಹೊರಟೆ. ಯಕ್ಷಿತಾಳಿಗೆ ಹೇಳಿದರೆ ಅವಳು ಫೋನಿನಲ್ಲಿ ಕತ್ತರಿ, ಗರಗಸ, ಬಾಟಲಿಯ ಬಿರಡೆ ತೆಗೆಯುವ ಸುರುಳಿ ಎಲ್ಲ ಇರುವುದನ್ನು ತೋರಿಸಿದಳು. "ಅಮ್ಮಾ, ಇದು ಬೆಸ್ಟ್, ಇದ್ರಲ್ಲಿ ಸಬ್ ಕುಛ್ ಉಂಟು!" ನನಗೆ ಸಬ್ ಕುಛ್ ಬೇಡ. ಅಲಗು ಒಂದೇ ಸಾಕು, ಅದು ಒಳ್ಳೆಯದಿರಬೇಕು. ದಾದರ್ ಸ್ಟೇಷನ್ನಿನ ಹೊರಗೆ ಟೈಲರುಗಳಿಗೆ ಕತ್ತರಿ ಮಾರುವ ಅಂಗಡಿಗೆ ಹೋಗಿ, ಚೀಲದಿಂದ ಬೀನ್ಸ್ ತೆಗೆದು ಕೌಂಟರಿನ ಮೇಲಿಟ್ಟೆ. ಅಂಗಡಿಯ ಸುಹಾಸ ಕಣ್ಣು ಬಿಟ್ಟ. "ಆಂಟಿ, ಯಹಾಂ ಭಾಜಿ ಬನಾವೋಗೀ ಕ್ಯಾ?" "ಬನಾತೀ ನಹೀ, ಕಾಟ್ತೀ ಹೂಂ" ಎಂದೆ, ಮಾಡುವುದಲ್ಲ, ಹೆಚ್ಚುವುದು. ಅವನಿಗೆ ನಗು ಬಂತು, ಒಂದೊಂದಾಗಿ ತೆಗೆದು ಕೊಟ್ಟ.

ಒಂದರ ಹಿಡಿ ಲೋಹದ್ದು, ಒದ್ದೆ ಕೈಯಲ್ಲಿ ಜಾರಿತು. ಒಂದರ ತುದಿ ಸೂಜಿಯಂತಿತ್ತು. ಕುಲುಕುವ ಗಾಡಿಯಲ್ಲಿ ಎದುರಿಗೆ ಕೂತವರ ಮೊಣಕಾಲಿಗೆ ಅಪಾಯ. ಇನ್ನೊಂದು ಬಹಳ ಉದ್ದ, ತೆಗೆದರೆ ಪೊಲೀಸಮ್ಮ ಬರುತ್ತಾಳೆ. ನಾನು ಆರಿಸಿದ್ದು ಗಿಡ್ಡ ಅಲಗಿನದು, ತುದಿ ಮೊಂಡು, ಹಿಡಿ ಮರದ್ದು. ತೆರೆದಾಗ ಒಳಗಿನ ಒಂದು ಪಟ್ಟಿ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಹೆಬ್ಬೆರಳಿನಿಂದ ಅದನ್ನು ಸರಿಸದೆ ಮಡಚಲು ಆಗುವುದಿಲ್ಲ. ಮಡಿಕೆಯ ತಿರುಪು ಬಿಚ್ಚಿ ತೊಳೆಯಬಹುದು. ಬೀನ್ಸ್ ಅದರ ಕೆಳಗೆ ಸದ್ದಿಲ್ಲದೆ ಬಿತ್ತು. ತುಂಡುಗಳನ್ನು ಸಾಲಾಗಿಟ್ಟು ನೋಡಿದ ಸುಹಾಸ ಒಳಗಿದ್ದ ಅಪ್ಪನನ್ನು ಕರೆದು ತೋರಿಸಿದ. ಬೆಲೆ ಬರೆಯುವುದಿಲ್ಲ, ನೀವು ಬೈಯುತ್ತೀರಿ. ಅಷ್ಟು ಬೆಲೆಯ ವಸ್ತುವನ್ನು ನನಗೊಬ್ಬಳಿಗೇ ಎಂದು ನಾನು ಈವರೆಗೆ ಕೊಂಡಿಲ್ಲ.

ಆದರೆ ಅಂದು ಕೊಳ್ಳಲಿಲ್ಲ. ಈ ಶನಿವಾರದವರೆಗೆ ತೆಗೆದಿಡಲು ಹೇಳಿ ಬಂದೆ. ಏಕೆಂದರೆ ಅದು ಗಲ್ಲಾದಲ್ಲಿ ಕೂರುವವಳಿಗೆ ಬೇಕಾದ ಚಾಕು ಅಲ್ಲ. ಸಂಜೆ ಪರೇಲ್‌ನಿಂದ ಮನೆಗೆ ಹೋಗುವವಳಿಗೆ ಬೇಕಾದದ್ದು. ನಿಮಗೆ ಉತ್ತರ ಕೊಡದೆ ಅದನ್ನು ಕೊಂಡರೆ ಸರಿಯಾಗುವುದಿಲ್ಲ ಎನಿಸಿತು.

ನಾನು ಕೆಲಸ ಬಿಡುವುದಿಲ್ಲ. ನಿವೃತ್ತಿಗೆ ಆರು ವರ್ಷವಿದೆ, ಅಷ್ಟೂ ಮಾಡುತ್ತೇನೆ. ಭೀಮರಾಯನ ಕೈಯನ್ನು ನನ್ನ ಕೈಗಿಂತ ಚೆನ್ನಾಗಿ ಮಾಡಿಯೇ ಎದ್ದು ಬರುತ್ತೇನೆ. ಗಲ್ಲಾಕ್ಕೆ ನಿಮ್ಮ ತಮ್ಮ ದೂಜನನ್ನು ಕೂರಿಸಿ. ಮನೆಯವನೇ, ಬಾಯಿ ಮಾತ್ರ ಸ್ವಲ್ಪ ಜೋರು. ಹೋಟೆಲು ಶುರುವಾಗುವ ದಿನ ರಜೆ ಹಾಕಿ ಬಂದು ದೀಪ ಹಚ್ಚುತ್ತೇನೆ, ನೀವು ಹೇಳುವ ಸೀರೆಯನ್ನೇ ಉಡುತ್ತೇನೆ. ನೀವು ಒಬ್ಬರೇ ಎರಡು ಹೋಟೆಲು ನಡೆಸುವವರಾದದ್ದು ನನಗೆ ಎಷ್ಟು ಹೆಮ್ಮೆ ಎಂದು ನಾನೂ ನಿಮಗೆ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ. ನೀವು ಒಂದು ದಿನ ಇಲ್ಲಿಗೆ ಬಂದು, ನನ್ನ ಲ್ಯಾಬಿನ ಬಾಗಿಲವರೆಗಾದರೂ ಬನ್ನಿ. ಒಳಗೆ ಬಿಡುವುದಿಲ್ಲ. ಗಾಜಿನಿಂದ ನೋಡಬಹುದು.

ಕೋಪ ಬಂದರೆ ಬರೆದು ಕಳಿಸಿ, ಫೋನಿನಲ್ಲಿ ಬೇಡ.

ನಿಮ್ಮ,
ನಮಿತಾ

ತಾಜಾಕಲಂ: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ನೀವು ಕೇಳಿ ಹೋದ ಮೇಲೆ, ನಿಮಗೆ ಹೂಂ ಎನ್ನುವುದಕ್ಕೂ ಮುಂಚೆ, ಹೊಸ ವರ್ಷದ ಮೊದಲ ವಾರದಲ್ಲೇ ನಾನು ಡಾಕ್ಟರ್ ನೂರೀನರಿಗೆ ಮಾರ್ಚಿನಲ್ಲಿ ಬಿಡುತ್ತೇನೆ ಎಂದು ಹೇಳಿಬಿಟ್ಟಿದ್ದೆ. ನಿಮ್ಮ ಜೊತೆ ಒಂದೇ ಮನೆಯಲ್ಲಿರುವ ಆಸೆ ನನಗೂ ಕಡಿಮೆಯದಲ್ಲ. ಅವರು ಇನ್ನೂ ಯಾರಿಗೂ ತಿಳಿಸಿಲ್ಲ. ಈ ಕಾಗದ ನಿಮ್ಮ ಕೈ ಸೇರಿದ ಮೇಲೆ, ಸೋಮವಾರ ಲ್ಯಾಬಿನ ಕೋಟು ಹಾಕಿಕೊಳ್ಳುವ ಮುಂಚೆ ಅವರ ಕೋಣೆಗೆ ಹೋಗಿ ಆ ಮಾತನ್ನು ವಾಪಸು ಪಡೆಯುತ್ತೇನೆ.