ನನ್ನ ಮಗಳ ಹೆಬ್ಬೆರಳನ್ನು ದೋಷವೆಂದು ಬರೆದವರಿಗೆ

ಮಾನ್ಯ ಶಾಲಾ ಇಲಾಖೆಯ ಅಧಿಕಾರಿಗಳೇ,

ಒಂಬತ್ತು ವರ್ಷದ ನನ್ನ ಮಗಳು ಪವಿಗೆ ಕಲಿಯುವ ಶಕ್ತಿ ಕಡಿಮೆ ಎಂದು ನೀವು ತೀರ್ಮಾನಿಸಿದ್ದೀರಿ. ಬೇಸಿಗೆ ರಜೆ ಮುಗಿದ ಮೊದಲ ದಿನದಿಂದಲೇ ಅವಳು ಮನೆಯ ಪಕ್ಕದ ಶಾಲೆಯನ್ನು ಬಿಟ್ಟು ಹತ್ತೊಂಬತ್ತು ಕಿಲೋಮೀಟರ್ ದೂರದ ಫೋರ್ಡರ್‌ಶೂಲೆಗೆ, ಅಂದರೆ ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಇರುವ ಶಾಲೆಗೆ, ವ್ಯಾನಿನಲ್ಲಿ ಹೋಗಬೇಕೆಂದು ಆದೇಶ ಕಳಿಸಿದ್ದೀರಿ. ಆದೇಶದ ಕೊನೆಯಲ್ಲಿ ‘ಪೋಷಕರ ಸಮ್ಮತಿಯೊಂದಿಗೆ’ ಎಂಬ ಮಾತಿದೆ. ಆ ಪೋಷಕಿ ನಾನು. ಸಹಿ ನನ್ನದು, ಸಮ್ಮತಿ ನನ್ನದಲ್ಲ. ಈ ಎರಡರ ನಡುವಿನ ಅಂತರವನ್ನು ನೀವು ಬೇಕೆಂದೇ ಮುಚ್ಚಿದ್ದೀರಿ ಎಂಬುದು ನನ್ನ ಆರೋಪ, ಮತ್ತು ಅದನ್ನು ತೆರೆದಿಡುವವರೆಗೂ ನಾನು ನಿಮ್ಮ ಬೆನ್ನು ಬಿಡುವುದಿಲ್ಲ.

ಪತ್ರ ಕನ್ನಡದಲ್ಲಿದೆಯಲ್ಲ ಎಂದು ಗಾಬರಿಯಾಗಬೇಡಿ. ನಿಮ್ಮ ಕಚೇರಿಯಿಂದ ನನಗೆ ಈವರೆಗೆ ಹನ್ನೊಂದು ಪತ್ರಗಳು ಬಂದಿವೆ. ಅವುಗಳಲ್ಲಿ ಒಂದಾದರೂ ನನಗೆ ಸಲೀಸಾಗಿ ತಿಳಿಯುವ ಭಾಷೆಯಲ್ಲಿತ್ತೇ? ಅರ್ಧ ಪುಟದುದ್ದದ ವಾಕ್ಯಗಳನ್ನು ಬರೆದು, ಇಂತಿಷ್ಟು ದಿನದೊಳಗೆ ಉತ್ತರಿಸಿ ಎಂದು ಗಡುವು ಕೊಟ್ಟು, ಅರ್ಥವಾಗದಿದ್ದರೆ ಅದು ನಿಮ್ಮ ಕರ್ಮ ಎಂಬಂತೆ ಕೈ ತೊಳೆದುಕೊಂಡಿರಿ. ನಾನು ಪದಕೋಶ ಹಿಡಿದು ಓದಿದೆ. ಈಗ ನಿಮ್ಮ ಸರದಿ. ಕಲೋನ್ ನಗರದಲ್ಲಿ ಕನ್ನಡ ಬಲ್ಲವರು ಸಾಕಷ್ಟಿದ್ದಾರೆ, ಹುಡುಕಿಕೊಳ್ಳಿ. ಇಲ್ಲಿಯ ಕನ್ನಡ ಸಂಘದ ಪತ್ರಿಕೆಯಲ್ಲಿ ಇದು ಅಚ್ಚಾಗುತ್ತಿರುವುದರಿಂದ ಅವರೆಲ್ಲ ನಿಮಗಿಂತ ಮೊದಲೇ ಓದಿರುತ್ತಾರೆ.

ನಾವು ಗದಗ ಜಿಲ್ಲೆಯವರು. ನನ್ನ ಗಂಡ ಪ್ರವೀಣಕುಮಾರ ಇಲ್ಲಿ ಕಾರಿನ ಗೇರ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಎರಡೂವರೆ ವರ್ಷದ ಹಿಂದೆ ಜರ್ಮನಿಗೆ ಬಂದಾಗ ಪವಿಗೆ ಜರ್ಮನ್‌ನಲ್ಲಿ ಒಂದು ಶಬ್ದವೂ ಬರುತ್ತಿರಲಿಲ್ಲ. ಈಗ ನಾನು ಕನ್ನಡದಲ್ಲಿ ಬೈದರೆ ಅವಳು ಜರ್ಮನ್‌ನಲ್ಲಿ ಎದುರಾಡುತ್ತಾಳೆ. ಆದರೆ ತರಗತಿಯಲ್ಲಿ ಕೈ ಎತ್ತುವುದಿಲ್ಲ. ದೊಡ್ಡವರು ಕೇಳದೆ ಬಾಯಿ ಹಾಕಬಾರದು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಇಲ್ಲಿ ಕೈ ಎತ್ತದ ಮಗುವಿಗೆ ಅಂಕವಿಲ್ಲ, ಅಂಕವಿಲ್ಲದ ಮಗುವಿಗೆ ಪರೀಕ್ಷೆ, ಪರೀಕ್ಷೆಗೆ ನೀವು ಕಳಿಸಿದ ತಜ್ಞರು. ನವೆಂಬರ್‌ನ ಒಂದು ಮುಂಜಾನೆ ನಲವತ್ತು ನಿಮಿಷದಲ್ಲಿ ಅವರು ನನ್ನ ಮಗಳನ್ನು ಅಳೆದು ಮುಗಿಸಿದರು.

ಜನವರಿಯಲ್ಲಿ ಆ ವರದಿಯ ಬಗ್ಗೆ ಮಾತಾಡಲು ತರಗತಿಯ ಶಿಕ್ಷಕಿ ನಮ್ಮನ್ನು ಕರೆದರು. ಗಂಡನಿಗೆ ರಜೆ ಸಿಗಲಿಲ್ಲ, ನಾನೊಬ್ಬಳೇ ಹೋದೆ. ಇಲ್ಲಿ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು, ಏಕೆಂದರೆ ನೀವು ನಿಮ್ಮದನ್ನು ಒಪ್ಪಿಕೊಳ್ಳುವ ಲಕ್ಷಣ ಕಾಣುತ್ತಿಲ್ಲ. ನನ್ನ ತಂದೆ ಅಡಿವೆಪ್ಪ ಪ್ರಾಥಮಿಕ ಶಾಲೆಯ ಗುರುಗಳಾಗಿದ್ದವರು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆತಾಯಿಗಳು ಅವರೆದುರು ಕಾಗದ ಓದುತ್ತಿರಲಿಲ್ಲ. ಓದು ಬಲ್ಲವರೂ ಓದುತ್ತಿರಲಿಲ್ಲ. ಗುರು ಮುಂದಿಟ್ಟ ಕಾಗದವನ್ನು ಪರೀಕ್ಷಿಸಿ ನೋಡುವುದೆಂದರೆ ಗುರುವನ್ನೇ ಅನುಮಾನಿಸಿದಂತೆ. ಎಲ್ಲಿ ಅಂತ ಕೇಳಿ ಸಹಿ ಹಾಕುತ್ತಿದ್ದರು, ಹುಡುಗ ನಿಮ್ಮವ ಎಂದು ಕೈ ಮುಗಿದು ಹೋಗುತ್ತಿದ್ದರು. ಹಾಗೆ ಒಪ್ಪಿಸಿಹೋದ ಮಗು ಎರಡು ದಿನ ಶಾಲೆಗೆ ಬರದಿದ್ದರೆ ಅಪ್ಪ ಸೈಕಲ್ ಹತ್ತಿ ಅವರ ಮನೆ ಬಾಗಿಲಿಗೆ ಹೋಗುತ್ತಿದ್ದರು. ಆ ಓದದ ಸಹಿ ಅವರ ಹೆಗಲ ಮೇಲೆ ಬಿದ್ದ ಭಾರವಾಗಿತ್ತು.

ಆ ಶಾಲೆಯ ಮಗಳು ನಾನು. ಬೇಸನ್ ಉಂಡಿಯ ಡಬ್ಬಿ ಹಿಡಿದುಕೊಂಡು ಹೋದೆ. ಶಿಕ್ಷಕಿ ಒಳ್ಳೆಯವರು, ನಯವಾಗಿ ಮಾತಾಡಿದರು. ಪವಿಗೆ ಹೆಚ್ಚಿನ ಸಹಾಯ ಬೇಕು ಎಂದರು, ನಾನು ಬಹಳ ಸಂತೋಷ ಎಂದೆ. ನಿಮ್ಮ ಕಚೇರಿಯಿಂದ ಬಂದಿದ್ದ ಫಾರ್ಮನ್ನು ನನ್ನ ಮುಂದೆ ಇಟ್ಟರು. ‘ನೀವು ಹೇಳಿದ ಹಾಗೇ ಆಗಲಿ, ಅವಳು ನಿಮ್ಮವಳು’ ಎಂದು ನನ್ನ ಹರುಕು ಜರ್ಮನ್‌ನಲ್ಲಿ ಹೇಳಿ, ಒಂದು ಅಕ್ಷರವನ್ನೂ ಓದದೆ, ಅವರು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದೆ. ಮನೆಗೆ ಬರುವಾಗ ಹಗುರಾಗಿದ್ದೆ ಕೂಡ.

ಮಾರ್ಚ್‌ನಲ್ಲಿ ನಿಮ್ಮ ಆದೇಶ ಬಂತು. ಕಲೋನ್‌ನಲ್ಲಿರುವ ನನ್ನ ಗೆಳತಿ, ಮೈಸೂರಿನ ರಚನಾ, ಹದಿನೈದು ವರ್ಷದಿಂದ ಈ ದೇಶದಲ್ಲೇ ಇರುವವಳು. ಅವಳನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಹೋಗಿ ಕಡತ ತೋರಿಸಿ ಎಂದು ಕೇಳಿದೆ. ಅವಳು ಫಾರ್ಮನ್ನು ಎರಡು ಸಲ ಓದಿ, ನನ್ನ ಮುಖ ನೋಡದೆ, “ಇದು ಸುಮ್ನೆ ಮೀಟಿಂಗ್‌ಗೆ ಬಂದಿದ್ದೆ ಅಂತ ಹಾಕೋ ಸೈನ್ ಅಲ್ಲ ಕಣೇ ಶ್ರೀದೇವಿ. ಪವೀನ ಆ ಸ್ಕೂಲ್‌ಗೆ ಕಳ್ಸಿ ಅಂತ ನೀನೇ ಬರ್ಕೊಟ್ಟಿದೀಯ” ಎಂದಳು. ಫಾರ್ಮಿನಲ್ಲಿ ಎರಡು ಚೌಕಗಳಿದ್ದವು. ಮೊದಲನೆಯದು, ಈಗಿನ ಶಾಲೆಯಲ್ಲೇ ಇದ್ದು ಹೆಚ್ಚಿನ ಸಹಾಯ. ಎರಡನೆಯದು, ವಿಶೇಷ ಶಾಲೆ. ಎರಡನೆಯದರಲ್ಲಿ ಗುರುತಿತ್ತು. ಅದು ಪೆನ್ನಿನಿಂದ ಹಾಕಿದ್ದಲ್ಲ ಸ್ವಾಮಿ, ಅಚ್ಚಾದ ಗುರುತು. ಕಂಪ್ಯೂಟರಿನಲ್ಲಿ ಹಾಕಿ, ಪ್ರಿಂಟ್ ತೆಗೆದು, ಅಮ್ಮಂದಿರ ಸಹಿಗಾಗಿ ಕಳಿಸಿಕೊಟ್ಟ ಗುರುತು. ನನ್ನ ಆಯ್ಕೆಯನ್ನು ನಾನು ಶಾಲೆಗೆ ಹೊರಡುವ ಮೊದಲೇ ನೀವು ಮಾಡಿಟ್ಟಿದ್ದಿರಿ. ಇಷ್ಟು ಮುತುವರ್ಜಿಯ ಕಚೇರಿಯನ್ನು ನಾನು ನಮ್ಮ ತಾಲ್ಲೂಕಿನಲ್ಲೂ ಕಂಡಿಲ್ಲ.

ತಜ್ಞರ ವರದಿಯನ್ನೂ ಓದಿದೆ. ಹಿಮದ ಮೇಲೆ ಎಳೆಯುವ ಗಾಡಿಯ ಚಿತ್ರ ತೋರಿಸಿದರೆ ಮಗು ಹೆಸರು ಹೇಳಲಿಲ್ಲವಂತೆ. ನಿಮ್ಮ ಮುಂದೆ ಮೊರ, ಒನಕೆ, ರೊಟ್ಟಿ ಬಡಿಯುವ ಕೊಣಮಿಗೆಯ ಚಿತ್ರ ಹಿಡಿದು, ಹೆಸರು ಹೇಳದಿದ್ದರೆ ನಿಮ್ಮನ್ನೂ ವ್ಯಾನು ಹತ್ತಿಸಬಹುದೇ? ಅದಿರಲಿ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ನಾಲ್ಕನೆಯ ಪುಟದಲ್ಲಿ. ಏಳು ಪೆಟ್ಟಿಗೆ, ಒಂದೊಂದರಲ್ಲಿ ಹದಿನಾರು ಸೇಬು, ಒಟ್ಟು ಎಷ್ಟು ಎಂದು ಕೇಳಿದಾಗ ‘ಮಗು ಬಲಗೈ ಹೆಬ್ಬೆರಳನ್ನು ಉಳಿದ ಬೆರಳುಗಳ ಮೇಲೆ ನಿಯಂತ್ರಣವಿಲ್ಲದೆ ಮತ್ತೆ ಮತ್ತೆ ಆಡಿಸುತ್ತದೆ, ಏಕಾಗ್ರತೆಯ ತೀವ್ರ ಕೊರತೆ’ ಎಂದು ಬರೆದಿದ್ದಾರೆ.

ಅವಳು ಎಣಿಸುತ್ತಿದ್ದಳು. ಒಂದೊಂದು ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು, ಹೆಬ್ಬೆರಳು ಅವುಗಳ ಮೇಲೆ ಹತ್ತಿ ಇಳಿಯುತ್ತ ಲೆಕ್ಕ ಹಿಡಿಯುತ್ತದೆ. ನಮ್ಮಲ್ಲಿ ಅಜ್ಜಿಯರು ಜಪ ಎಣಿಸುವುದು ಹಾಗೆ, ಅಂಗಡಿಯವರು ಚೀಲ ಎಣಿಸುವುದು ಹಾಗೆ. ಪವಿಗೆ ಕಲಿಸಿದವರು ಅವಳ ಅಜ್ಜ, ನನ್ನ ಅಪ್ಪ. ನೀವು ಬೆರಳು ಬಿಚ್ಚಿ ಹತ್ತಕ್ಕೆ ಮುಗಿಸುವಷ್ಟರಲ್ಲಿ ಅವಳು ಒಂದು ಡಜನ್ ದಾಟಿರುತ್ತಾಳೆ. ಅಂದು ಅವಳು ಕೊಟ್ಟ ಉತ್ತರ ನೂರಾ ಹನ್ನೆರಡು, ಅದೂ ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಸರಿಯಾದ ಉತ್ತರವನ್ನು ನೋಡಿಯೂ ಅದನ್ನು ಕೊಟ್ಟ ಕೈಯನ್ನು ರೋಗದ ಪಟ್ಟಿಗೆ ಸೇರಿಸಿದ ವರದಿಗೆ ನೀವು ‘ಪರಿಶೀಲಿಸಲಾಗಿದೆ’ ಎಂದು ಮೊಹರು ಒತ್ತಿದ್ದೀರಿ. ಏನನ್ನು ಪರಿಶೀಲಿಸಿದಿರಿ?

ಆ ಸಾಲನ್ನು ಕನ್ನಡಕ್ಕೆ ತಿರುಗಿಸಿ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ.

“ಆಕಿ ಲೆಕ್ಕ ಸರಿ ಬಂದಿತ್ತೇನು?” ಎಂದು ಕೇಳಿದರು.

“ಸರಿ ಬಂದಿತ್ರಿ ಅಪ್ಪ.”

“ಮತ್ತ?”

ಮೂವತ್ತನಾಲ್ಕು ವರ್ಷ ಪಾಠ ಹೇಳಿದ ಮನುಷ್ಯನ ಆ ಒಂದು ಪ್ರಶ್ನೆಯನ್ನು ಇದ್ದಂತೆಯೇ ನಿಮಗೆ ಕಳಿಸುತ್ತಿದ್ದೇನೆ. ಉತ್ತರ ನಿಮ್ಮಲ್ಲಿದೆಯೇ?

ಏಪ್ರಿಲ್‌ನಲ್ಲಿ ಆಕ್ಷೇಪಣೆ ಸಲ್ಲಿಸಿದೆ. ಮೂರು ಸಾಲಿನಲ್ಲಿ ತಳ್ಳಿಹಾಕಿದಿರಿ, ತಾಯಿ ಸಹಿ ಮಾಡಿದ್ದಾರೆ ಎಂದು. ಅಷ್ಟರಲ್ಲಿ ಮನೆಯಲ್ಲಿ ನಾವು ಮಾತಾಡಿದ್ದೆಲ್ಲ ಪವಿಯ ಕಿವಿಗೆ ಬಿದ್ದಿತ್ತು. ಈಗ ಅವಳು ಹೋಂವರ್ಕ್ ಮಾಡುವಾಗ ಬಲಗೈಯಲ್ಲಿ ಪೆನ್ಸಿಲ್ ಇಲ್ಲದಿದ್ದರೆ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. ಯಾಕೆ ಎಂದು ಕೇಳಿದರೆ, “ಕೈ ಆಡಿಸಿದ್ರ ವ್ಯಾನ್‌ನಾಗ ಹಾಕ್ತಾರಲ್ಲ ಅವ್ವಾ” ಎಂದಳು. ತಪ್ಪದ ಲೆಕ್ಕಗಳು ಈಗ ತಪ್ಪುತ್ತಿವೆ. ನಿಮ್ಮ ವರದಿ ನಿಜವಾಗಲು ಶುರುವಾಗಿದೆ, ಅಭಿನಂದನೆಗಳು. ಇದಕ್ಕೆ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ. ಕ್ಷಮಿಸುವ ದೊಡ್ಡತನ ನನಗಿಲ್ಲ, ಬೇಕೂ ಇಲ್ಲ.

ಹಾಗಾಗಿ ನಾನು ನಿಮ್ಮ ದಾರಿಯನ್ನೇ ಹಿಡಿದೆ. ನಿಮ್ಮ ಶಾಲಾ ಕಾನೂನನ್ನು ಮೊದಲ ಕಲಮಿನಿಂದ ಕೊನೆಯವರೆಗೆ ಓದಿದೆ. ಅದೇ ತಿಂಗಳು ತರಗತಿಯ ಪೋಷಕ ಪ್ರತಿನಿಧಿ ಬೇರೆ ಊರಿಗೆ ಮನೆ ಬದಲಾಯಿಸಿದರು. ಆ ಜಾಗಕ್ಕೆ ಯಾರು ಎಂದು ಸಭೆಯಲ್ಲಿ ಕೇಳಿದಾಗ ಇಲ್ಲಿಯ ರೂಢಿಯಂತೆ ಎಲ್ಲರೂ ತಮ್ಮ ತಮ್ಮ ಬೂಟು ನೋಡತೊಡಗಿದರು. ಮಗಳಿಗೆ ಕೈ ಎತ್ತಬೇಡ ಎಂದು ಕಲಿಸಿದ ನಾನು ಕೈ ಎತ್ತಿದೆ. ಅವಿರೋಧ ಆಯ್ಕೆ. ಅಲ್ಲಿಂದ ಇಡೀ ಶಾಲೆಯ ಪೋಷಕ ಮಂಡಳಿ, ಅಲ್ಲಿಂದ ನಗರಸಭೆಯ ಶಾಲಾ ಸಮಿತಿ. ಮಂಗಳವಾರ ಸಂಜೆ ಮೂರು ತಾಸು ಕೂರಲು ಯಾರಿಗೂ ಇಷ್ಟವಿಲ್ಲ, ನನಗೆ ಬಹಳ ಇಷ್ಟ. ನನಗೆ ಅಲ್ಲಿ ಮತ ಹಾಕುವ ಹಕ್ಕಿಲ್ಲ, ಪ್ರಶ್ನೆ ಕೇಳುವ ಹಕ್ಕಿದೆ, ಕೇಳಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಸುವ ಹಕ್ಕಿದೆ. ಜುಲೈನ ಎರಡನೆಯ ಮಂಗಳವಾರ ವರದಿ ಒಪ್ಪಿಸಲು ಬರುವ ಅಧಿಕಾರಿ ನೀವೇ. ನನ್ನ ಕುರ್ಚಿ ನಿಮ್ಮ ಎದುರಿಗಿದೆ.

ಇಷ್ಟು ದಿನ ನಾನು ಸುಮ್ಮನೆ ಕೂತಿರಲಿಲ್ಲ. ಶಾಲೆಯ ಗೇಟಿನ ಬಳಿ ನಿಂತು ಬೇರೆ ತಾಯಂದಿರನ್ನು ಮಾತಾಡಿಸಿದೆ. ಇನ್ನೂ ಐದು ಮನೆಗಳಲ್ಲಿ ಅದೇ ಫಾರ್ಮ್ ಸಿಕ್ಕಿತು, ಅದೇ ಎರಡನೆಯ ಚೌಕ, ಅದೇ ಅಚ್ಚಾದ ಗುರುತು. ನನ್ನದೂ ಸೇರಿ ಆರು. ಆರೂ ನಿಮ್ಮ ನಾಲಿಗೆ ಹೊರಳದ ಹೆಸರಿನ ಮನೆಗಳೇ. ಕಾಕತಾಳೀಯ ಎಂದು ಹೇಳಲು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ, ಏಕೆಂದರೆ ಆರು ಪ್ರತಿಗಳನ್ನೂ ಅಂದು ಮೇಜಿನ ಮೇಲೆ ಹರಡುತ್ತೇನೆ. ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಸ್ಥಳೀಯ ಪತ್ರಿಕೆಯ ವರದಿಗಾರರಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಲು ಹೇಳಿದ್ದೇನೆ. ಅಂದು ಉತ್ತರ ಸಿಗದಿದ್ದರೆ ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆ, ಅದರ ಮುಂದಿನ ಸಭೆಯಲ್ಲೂ ಅದೇ. ನಿಮಗೆ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆಯೆಂದು ಕೇಳಿದೆ. ಅಷ್ಟೂ ಮಂಗಳವಾರ ನಾನು ಬಿಡುವಾಗಿದ್ದೇನೆ.

ನನ್ನ ಬೇಡಿಕೆ ಹೀಗಿದೆ. ರಜೆ ಮುಗಿಯುವ ಮೊದಲು ಪವಿಯ ಮೇಲಿನ ಆದೇಶವನ್ನು ರದ್ದು ಮಾಡಿ, ಉಳಿದ ಐದು ಮಕ್ಕಳ ಫಾರ್ಮುಗಳನ್ನು ಖಾಲಿ ಚೌಕಗಳೊಂದಿಗೆ, ಅವರವರ ಭಾಷೆಯಲ್ಲಿ ಮತ್ತೆ ಕಳಿಸಿ. ಮತ್ತು ನೀವೇ ಖುದ್ದಾಗಿ ಮೂರನೆಯ ತರಗತಿಗೆ ಬಂದು, ಆ ಗಿಡ್ಡ ಕುರ್ಚಿಯಲ್ಲಿ ಮೊಣಕಾಲು ಮಡಚಿ ಪವಿಯ ಎದುರಿಗೆ ಕೂತು, ಹೆಬ್ಬೆರಳಿನಿಂದ ಹನ್ನೆರಡು ಎಣಿಸುವುದನ್ನು ಅವಳಿಂದ ಕಲಿತು ಹೋಗಿ. ತೊಡೆಯ ಕೆಳಗೆ ಸೇರಿದ ಕೈಯನ್ನು ನನ್ನಿಂದ ಹೊರಗೆ ತೆಗೆಸಲಾಗುತ್ತಿಲ್ಲ. ಅದನ್ನು ಅಲ್ಲಿಗೆ ಸೇರಿಸಿದವರೇ ಬಂದು ತೆಗೆಸಬೇಕು.

ಈ ಪತ್ರದೊಂದಿಗೆ ಒಂದು ಫಾರ್ಮ್ ಲಗತ್ತಿಸಿದ್ದೇನೆ. ಅದೂ ಕನ್ನಡದಲ್ಲೇ ಇದೆ. ಎರಡು ಚೌಕಗಳಿವೆ. ನಿಮಗೆ ಶ್ರಮವಾಗಬಾರದೆಂದು ಎರಡನೆಯದರಲ್ಲಿ ನಾನೇ ಗುರುತು ಅಚ್ಚು ಹಾಕಿಸಿದ್ದೇನೆ. ಯಾವುದಕ್ಕೆ ಎಂದು ಕೇಳಬೇಡಿ, ಓದಿಸಿ ನೋಡಲೂ ಹೋಗಬೇಡಿ. ನಾನು ನಿಮ್ಮನ್ನು ನಂಬಿದಂತೆ ನನ್ನನ್ನು ನಂಬಿ, ಕೆಳಗೆ ಬಲಗಡೆ ಸಹಿ ಹಾಕಿ ಕಳಿಸಿ. ಹದಿನಾಲ್ಕು ದಿನದೊಳಗೆ ಉತ್ತರ ಬಾರದಿದ್ದರೆ ನಿಮ್ಮ ಸಮ್ಮತಿ ಇದೆಯೆಂದೇ ನಡವಳಿ ಪುಸ್ತಕದಲ್ಲಿ ಬರೆಸುತ್ತೇನೆ.

ಇಂತಿ,
ಈ ಸಲ ಎರಡು ಬಾರಿ ಓದಿಯೇ ಸಹಿ ಹಾಕಿರುವ,
ಪವಿಯ ಅವ್ವ, ಅಡಿವೆಪ್ಪ ಗುರುಗಳ ಮಗಳು
ಶ್ರೀದೇವಿ