ಸುಕ್ಕಿಲ್ಲದ ಟೇಪು

೧೪ ಸೆಪ್ಟೆಂಬರ್ ೨೦೨೪, ಶನಿವಾರ

ತಿಂಗಳಿಂದ ಟೇಪನ್ನು ಬೈದದ್ದೆಲ್ಲ ದಂಡ. ತಪ್ಪು ಟೇಪಿನದಾಗಿರಲಿಲ್ಲ.

ನಮ್ಮ ತುರ್ವಿಹಾಳ ಶಾಲೆಯ ಖೋಖೋ ತಂಡದಲ್ಲಿ ವಸೀಮಾಳಷ್ಟು ಚುರುಕಿನವಳು ಇನ್ನೊಬ್ಬಳಿಲ್ಲ. ಆದರೆ ವರ್ಷದಲ್ಲಿ ನಾಲ್ಕು ಸಲ ಅವಳ ಬಲಗಾಲು ಉಳುಕಿದೆ. ಓಡುತ್ತ ತಿರುಗಿದರೆ ಸಾಕು, ಪಾದ ಒಳಕ್ಕೆ ಹೊರಳುತ್ತದೆ. ಆಟಕ್ಕೆ ಮುಂಚೆ, ಆಟದ ಟೀಚರಾದ ನಾನೇ ಅವಳ ಕಣಕಾಲಿಗೆ ಅಂಟುವ ಟೇಪು ಸುತ್ತುತ್ತೇನೆ. ಅರ್ಧ ಆಟಕ್ಕೇ ಅದು ಜಾರುತ್ತದೆ.

ಇವತ್ತು ಸಿಂಧನೂರಿನ ಮೈದಾನದಲ್ಲಿ, ತಾಲ್ಲೂಕು ಫೈನಲ್‌ಗೆ ಮುಂಚೆ, ಅವಳ ತಾಯಿ ಹಾಜಿರಾಬೀ ಗುಟ್ಟು ಬಿಟ್ಟುಕೊಟ್ಟರು.

"ದಿನಾ ಮುಂಜಾನಿ ಔಡಲೆಣ್ಣಿ ತಿಕ್ಕಿ ಕಳಸ್ತೀನ್ರೀ ಟೀಚರ್, ಕಾಲಿಗೆ ತಾಕತ್ ಬರ್ಲಿ ಅಂತ."

ಎಣ್ಣೆಯ ಮೇಲೆ ಟೇಪು ಎಲ್ಲಿ ನಿಲ್ಲಬೇಕು! ಸೋಪು ಹಚ್ಚಿ ಕಾಲು ತೊಳೆದು ಒರೆಸಿದೆವು. ಮೊದಲ ಪಟ್ಟಿಯನ್ನು ಹಿಮ್ಮಡಿಯ ಅಡಿಯಿಂದ ಹೊರಬದಿಗೆ ಎಳೆದು ನಾನು ಅಂಟಿಸಿದೆ. ಬಟ್ಟೆ ಹೊಲಿಯುವ ಹಾಜಿರಾಬೀ ನನ್ನ ಕೈ ಸರಿಸಿದರು.

"ಸುಕ್ಕು ಬಿದ್ದೈತ್ರೀ. ಅಲ್ಲೇ ಕಡೀತೈತಿ."

ಉಳಿದದ್ದನ್ನೆಲ್ಲ ಅವರೇ ಸುತ್ತಿದರು, ಕುಪ್ಪಸದ ತೋಳಿನಷ್ಟು ನಯವಾಗಿ. ತರಬೇತಿ ಪಡೆದು ಬಂದ ನಾನು ಕತ್ತರಿ ಹಿಡಿದು ಕೂತೆ. ನಾಚಿಕೆಯಾಗಬೇಕಿತ್ತು, ಬದಲಿಗೆ ಅವರ ಕೈಚಳಕ ಕಂಡು ಹೆಮ್ಮೆಯಾಯಿತು.

ಫೈನಲ್ ಗೆದ್ದೆವು. ಪಾದ ಒಮ್ಮೆಯೂ ಹೊರಳಲಿಲ್ಲ. ಆಟವಿಡೀ ಹಾಜಿರಾಬೀ ನೋಡಿದ್ದು ಆ ಕಾಲೊಂದನ್ನೇ.

ಆಟ ಮುಗಿದ ಕೂಡಲೇ ಟೇಪು ಬಿಚ್ಚಬೇಕು, ಇದು ನನ್ನ ಖಡಕ್ ನಿಯಮ. ಕತ್ತರಿ ತೆಗೆದೆ. ಹಾಜಿರಾಬೀ ಕೈ ಅಡ್ಡ ಇಟ್ಟರು.

"ಈಗ ಬ್ಯಾಡ್ರೀ. ಅವರಪ್ಪ ಮಿಲ್ಲಿನಿಂದ ಬಂದು ನೋಡ್ಲಿ."

ಕತ್ತರಿಯನ್ನು ಅವರ ಕೈಗೇ ಕೊಟ್ಟು ಬಂದೆ.